ಬೆಳಕು ಮುಚ್ಚಿದರೂ ಉಳಿಯುವ ಬಿಸಿ

ನಕ್ಷತ್ರವೊಂದರ ಬೆಳಕನ್ನೆಲ್ಲ ಹಿಡಿದಿಡುವ ನಾಗರಿಕತೆ ಎಲ್ಲಿಯಾದರೂ ಇದ್ದರೆ, ಅದು ಆ ಶಕ್ತಿಯನ್ನು ಎಷ್ಟೇ ಜಾಣತನದಿಂದ ಬಳಸಿದರೂ ಕೊನೆಗೆ ಶಾಖವಾಗಿ ಹೊರಚೆಲ್ಲಲೇಬೇಕು ಎಂಬ ಭೌತವಿಜ್ಞಾನಿ ಫ್ರೀಮನ್ ಡೈಸನ್ ಅವರ 1960ರ ತರ್ಕ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಹಾಗೆ ನಕ್ಷತ್ರವನ್ನು ಸುತ್ತುವರಿದ, ಸುಮಾರು 300 ಕೆಲ್ವಿನ್ (27 ಡಿಗ್ರಿ ಸೆಲ್ಸಿಯಸ್) ತಾಪದ ಕವಚವು 10 ಮೈಕ್ರಾನ್ ಆಸುಪಾಸಿನ ಅವಕೆಂಪು ಕಿರಣಗಳಲ್ಲಿ ಹೊಳೆಯುತ್ತದೆ. ನಮ್ಮ ಮೈಯ ಬಿಸಿ ಹೊಮ್ಮುವುದೂ ಅಲ್ಲಿಯೇ.

2024ರಲ್ಲಿ, ಇಂಥ ಕವಚಗಳನ್ನು ಹುಡುಕುವ ಹೆಫೈಸ್ಟೋಸ್ ಯೋಜನೆಯ ಸಂಶೋಧಕರು ಸುಮಾರು 50 ಲಕ್ಷ ನಕ್ಷತ್ರಗಳ ಮಾಹಿತಿಯನ್ನು ಜಾಲಾಡಿ ಅಂಥ ಹೆಚ್ಚುವರಿ ಶಾಖ ತೋರುವ 7 ಕೆಂಪು ಕುಬ್ಜಗಳನ್ನಷ್ಟೇ (ಸೂರ್ಯನಿಗಿಂತ ಚಿಕ್ಕ, ಮಂದ ನಕ್ಷತ್ರಗಳು) ಉಳಿಸಿಕೊಂಡರು. ಅವುಗಳಲ್ಲಿ 3ರ ಪಕ್ಕದಲ್ಲೇ ರೇಡಿಯೊ ಅಲೆಗಳ ಆಕರಗಳು ಕಂಡವು: ನಕ್ಷತ್ರದ ಹಿಂಬದಿಯಲ್ಲಿ ಬಹುದೂರದಲ್ಲಿರುವ, ದೂಳು ಕವಿದ ಗ್ಯಾಲಕ್ಸಿಯ ಶಾಖವೇ ನಕ್ಷತ್ರದ ಲೆಕ್ಕಕ್ಕೆ ಸೇರಿರಬಹುದು. ಈ ಶಾಖವನ್ನು ಅಳೆದ ವೈಸ್ ಬಾಹ್ಯಾಕಾಶ ದೂರದರ್ಶಕದ 12 ಮೈಕ್ರಾನ್ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ 6 ಆರ್ಕ್‌ಸೆಕೆಂಡಿಗಿಂತ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಹೆಚ್ಚು ಹರಡಿಕೊಳ್ಳುವುದರಿಂದ, ಅಕ್ಕಪಕ್ಕದ ಎರಡು ಆಕರಗಳು ಒಂದಾಗಿಯೇ ಕಾಣುತ್ತವೆ. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಉಳಿದ 4 ನಕ್ಷತ್ರಗಳನ್ನು ಜೇಮ್ಸ್ ವೆಬ್ ದೂರದರ್ಶಕದ ಹರಿತವಾದ ಕಣ್ಣಿನಿಂದ ನೋಡಬೇಕೆಂಬುದು ನನ್ನ ಆಸೆ.