ಇಂಥ ಗುಂಪುಗಳು ಮುಗಿಯೋದು ಹೇಗೆ?

ರಾಜಕೀಯ ಹಿಂಸೆಯ ಚರಿತ್ರೆ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ತಮ್ಮ ದೇಶದವರನ್ನೇ ಕೊಲ್ಲುವ ಗುಂಪುಗಳು ಕೊನೆಗೆ ಹೇಗೆ ಮುಗಿಯುತ್ತವೆ? ಎಲ್ಲರನ್ನೂ ಹಿಡಿದು ಒಳಗೆ ಹಾಕಿದರೆ ಸಾಕು ಅಲ್ವಾ?

ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಂಬ್ ಇಡುವವರು ಸಾಮಾನ್ಯವಾಗಿ ಕೆಲವೇ ಜನ. ಅವರ ಸುತ್ತ ಇರುವವರು ಜಾಸ್ತಿ. ರಾತ್ರಿ ಮಲಗಲು ಜಾಗ ಕೊಡುವವರು, ಗೊತ್ತಿದ್ದೂ ಸುಮ್ನಿರುವವರು, 'ಮಾಡಿದ್ದು ತಪ್ಪೇ, ಆದರೂ ಹುಡುಗರ ಸಿಟ್ಟಿಗೆ ಕಾರಣ ಇದೆ' ಅನ್ನುವವರು. ನಾನು ಓದಿದ ಮಟ್ಟಿಗೆ, ಈ ಜನ ಯಾವಾಗ ಕೈಬಿಡುತ್ತಾರೋ ಆಗ ಗುಂಪು ಕುಸಿಯಲು ಶುರುವಾಗುತ್ತದೆ.

ಇಟಲಿಯಲ್ಲಿ ಆಗಿದ್ದು ಹೇಳುತ್ತೇನೆ. 1969ರ ಡಿಸೆಂಬರ್ 12ರಂದು ಮಿಲಾನ್ ನಗರದ ಪಿಯಾತ್ಸಾ ಫೊಂಟಾನಾದ ಬ್ಯಾಂಕೊಂದರಲ್ಲಿ ಬಾಂಬ್ ಸಿಡಿದು 17 ಜನ ಸತ್ತರು. ಅದು ಬಲಪಂಥದ ಉಗ್ರರ ಕೆಲಸ. ಅಲ್ಲಿಂದ ಮುಂದೆ ಹತ್ತು ಹದಿನೈದು ವರ್ಷ ಬಲದವರೂ ಕೊಂದರು, ಎಡದವರೂ ಕೊಂದರು. ಎಡದವರಲ್ಲಿ ದೊಡ್ಡ ಹೆಸರು ರೆಡ್ ಬ್ರಿಗೇಡ್ಸ್. 1978ರಲ್ಲಿ ಅವರು ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರ ಐವರು ಅಂಗರಕ್ಷಕರನ್ನು ಕೊಂದು, ಮೊರೊ ಅವರನ್ನು ಎತ್ತಿಕೊಂಡು ಹೋದರು. 55 ದಿನ ಆದ ಮೇಲೆ ಅವರ ಶವ ರೋಮ್ ನಗರದ ನಡುವೆ ಒಂದು ಕೆಂಪು ರೆನೋ ಕಾರಿನ ಹಿಂಭಾಗದಲ್ಲಿ ಸಿಕ್ಕಿತು. ಆ ಕಾಲದಲ್ಲೂ ಇವರನ್ನು 'ದಾರಿ ತಪ್ಪಿದ ಸಂಗಾತಿಗಳು' ಅನ್ನುವವರು ಎಡಪಂಥದಲ್ಲಿ ಇದ್ದರು. ಆ ಮಾತು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೊಲೆಗಾರನೂ ಇನ್ನೂ ಸಂಗಾತಿಯೇ!

ಆ ಮಾತಿಗೆ ಪೆಟ್ಟು ಬಿದ್ದದ್ದು ಒಂದು ಕಾಫಿ ಮಷೀನ್ ಹತ್ತಿರ. ಜಿನೋವಾದ ಉಕ್ಕಿನ ಕಾರ್ಖಾನೆಯಲ್ಲಿ ಗೀಡೊ ರೊಸ್ಸಾ ಅಂತ ಒಬ್ಬ ಕೆಲಸಗಾರರಿದ್ದರು. ಯೂನಿಯನ್ ಪ್ರತಿನಿಧಿ, ಕಮ್ಯುನಿಸ್ಟ್ ಪಕ್ಷದವರು. 1978ರ ಅಕ್ಟೋಬರ್‌ನಲ್ಲಿ ಆ ಮಷೀನ್ ಹತ್ತಿರ ರೆಡ್ ಬ್ರಿಗೇಡ್ಸ್‌ನ ಕರಪತ್ರಗಳು ಕಂಡವು. ಇಟ್ಟವನು ಜೊತೆಗೇ ಕೆಲಸ ಮಾಡುವವನು ಅಂತ ರೊಸ್ಸಾ ಅವರಿಗೆ ಅನುಮಾನ ಬಂತು. ದೂರು ಕೊಟ್ಟರು. ಜೊತೆಯಲ್ಲಿದ್ದವರು ಹೆದರಿ ಹಿಂದೆ ಸರಿದರು. ಸಾಕ್ಷಿಗೆ ನಿಂತದ್ದು ಇವರೊಬ್ಬರೇ.

1979ರ ಜನವರಿ 24ರ ಮುಂಜಾನೆ, ಕೆಲಸಕ್ಕೆ ಹೊರಟ ರೊಸ್ಸಾ ಅವರನ್ನು ಅವರ ಕಾರಿನಲ್ಲೇ ಗುಂಡಿಟ್ಟು ಕೊಂದರು. ಕಾರ್ಮಿಕರ ಪರ ಅಂತ ಹೇಳಿಕೊಳ್ಳುವವರು ಒಬ್ಬ ಕಾರ್ಮಿಕನನ್ನೇ ಕೊಂದಿದ್ದರು. ಅಂತ್ಯಸಂಸ್ಕಾರಕ್ಕೆ ಜನಸಾಗರವೇ ಸೇರಿತು, ರಾಷ್ಟ್ರಪತಿ ಪೆರ್ತೀನಿ ಬಂದರು. ಆಮೇಲೆ ಕಾರ್ಖಾನೆಯೊಳಗೆ 'ಸಂಗಾತಿಗಳು' ಅನ್ನುವುದು ಸುಲಭವಾಗಿರಲಿಲ್ಲ. ಮರುವರ್ಷ, ಬಾಯಿಬಿಟ್ಟವರಿಗೆ ಶಿಕ್ಷೆ ಕಡಿಮೆ ಮಾಡುವ ಕಾನೂನು ಬಂತು. ಸಿಕ್ಕಿಬಿದ್ದ ನಾಯಕರಲ್ಲೊಬ್ಬ ಎಲ್ಲವನ್ನೂ ಹೇಳಿಬಿಟ್ಟ. ಅದರ ಸೇಡಿಗೆ 1981ರಲ್ಲಿ ಅವನ ತಮ್ಮನನ್ನು ಅಪಹರಿಸಿ ಕೊಂದರು. ಆದರೂ ಬಾಯಿಬಿಡುವವರು ಹೆಚ್ಚುತ್ತಲೇ ಹೋದರು. 1980ರ ದಶಕ ಮುಗಿಯುವಷ್ಟರಲ್ಲಿ ಆ ಹಳೆಯ ಗುಂಪು ಹೆಚ್ಚುಕಡಿಮೆ ಇಲ್ಲವಾಗಿತ್ತು.

ಸುತ್ತಲಿನವರು ಕೈಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಕು ಕ್ಲಕ್ಸ್ ಕ್ಲ್ಯಾನ್ ನೋಡಿ. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಕೆಲವು ಬಿಳಿಯ ಮಾಜಿ ಸೈನಿಕರು ಟೆನೆಸ್ಸಿಯ ಪುಲಾಸ್ಕಿ ಊರಿನಲ್ಲಿ ಕಟ್ಟಿದ ಗುಂಪು ಅದು. ಆಗತಾನೇ ಓಟಿನ ಹಕ್ಕು ಪಡೆದ ಕಪ್ಪು ಜನರನ್ನು ರಾತ್ರಿ ಹೊತ್ತು ಮನೆಗೆ ನುಗ್ಗಿ ಹೊಡೆಯುತ್ತಿದ್ದರು, ಕೊಲ್ಲುತ್ತಿದ್ದರು. ಊರಿನ ಕೋರ್ಟುಗಳಲ್ಲಿ ಶಿಕ್ಷೆಯಾಗುವುದೇ ಅಪರೂಪ. 1871ರಲ್ಲಿ ಅಧ್ಯಕ್ಷ ಗ್ರ್ಯಾಂಟ್ ಹೊಸ ಕಾನೂನು ತಂದು, ಸೌತ್ ಕ್ಯಾರೊಲಿನಾಗೆ ಸೈನ್ಯ ಕಳಿಸಿ, ನೂರಾರು ಜನರನ್ನು ಹಿಡಿಸಿದರು. ಕ್ಲ್ಯಾನ್ ಮುರಿಯಿತು. ಆದರೆ 1877ರಲ್ಲಿ ಕೇಂದ್ರ ಸರ್ಕಾರ ಕೈ ತೊಳೆದುಕೊಂಡಿತು. ಊರಿನವರ ಮನಸ್ಸು ಬದಲಾಗಿರಲಿಲ್ಲ. 1915ರಲ್ಲಿ ಅದೇ ಹೆಸರು ಮತ್ತೆ ಎದ್ದಿತು, 1920ರ ದಶಕದಲ್ಲಿ ಅದಕ್ಕೆ ಲಕ್ಷಗಟ್ಟಲೆ ಸದಸ್ಯರಾದರು.

1963ರ ಸೆಪ್ಟೆಂಬರ್ 15, ಭಾನುವಾರ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನ ಕಪ್ಪು ಜನರ ಚರ್ಚಿನಲ್ಲಿ ಕ್ಲ್ಯಾನ್‌ನವರು ಇಟ್ಟ ಬಾಂಬ್ ಸಿಡಿದು ನಾಲ್ಕು ಹೆಣ್ಣುಮಕ್ಕಳು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಇಟ್ಟವರು ಯಾರು ಅಂತ ಎಫ್‌ಬಿಐಗೆ 1965ರ ಹೊತ್ತಿಗೇ ಅಂದಾಜಿತ್ತು. ಕೊಲೆಗೆ ಮೊದಲ ಶಿಕ್ಷೆಯಾದದ್ದು 1977ರಲ್ಲಿ. ಆಗ ಸಾಕ್ಷಿ ಹೇಳಿದವರಲ್ಲಿ ಅಪರಾಧಿಯ ಸಂಬಂಧಿಕರ ಪೈಕಿ ಒಬ್ಬ ಹೆಂಗಸೂ ಇದ್ದರು. ಕೊನೆಯವನಿಗೆ ಶಿಕ್ಷೆಯಾಗುವಾಗ 2002. ಆ ಮಕ್ಕಳು ಬದುಕಿದ್ದರೆ ಐವತ್ತರ ಆಸುಪಾಸಿನಲ್ಲಿರುತ್ತಿದ್ದರು.

ಮಾತಾಡುವವರಿದ್ದರೂ ಕೇಳುವ ಕಿವಿ ಬೇಕಲ್ವಾ? ಜರ್ಮನಿಯಲ್ಲಿ ಮೂವರು ನವನಾಜಿಗಳ ಒಂದು ತಂಡ 2000ದಿಂದ, ಹೆಚ್ಚಾಗಿ ಅಂಗಡಿ, ಹೋಟೆಲು ಇಟ್ಟುಕೊಂಡಿದ್ದ ವಲಸಿಗರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾ ಬಂತು. ಪೊಲೀಸರು ವರ್ಷಗಟ್ಟಲೆ ಸತ್ತವರ ಮನೆಯವರನ್ನೇ ಅನುಮಾನಿಸಿದರು. ಒಂಬತ್ತನೆಯ ಕೊಲೆಯ ನಂತರ, 2006ರಲ್ಲಿ, ಆ ಮನೆಯವರು ಕಾಸೆಲ್ ನಗರದಲ್ಲಿ ಮೆರವಣಿಗೆ ಮಾಡಿದರು. 'ಹತ್ತನೆಯ ಬಲಿ ಆಗದಿರಲಿ' ಅನ್ನುವುದು ಅವರ ಕೂಗು. ಮರುವರ್ಷ ಹತ್ತನೆಯ ಕೊಲೆ ಆಯಿತು, ಸತ್ತದ್ದು ಒಬ್ಬ ಪೊಲೀಸ್ ಹೆಣ್ಣುಮಗಳು. ನಿಜ ಹೊರಬಿದ್ದದ್ದು 2011ರಲ್ಲಿ.

ಒಂಟಿಯಾಗಿ ಕೊಲ್ಲುವವನ ಸುತ್ತ ಯಾರಿರುತ್ತಾರೆ ಅಂತಲೂ ಕೇಳುತ್ತಾರೆ. ಅಮೆರಿಕದಲ್ಲಿ ಯೂನಬಾಂಬರ್ ಅಂತ ಹೆಸರಾದ ಒಬ್ಬ 1978ರಿಂದ 17 ವರ್ಷ ಬಾಂಬ್ ಕಳಿಸಿ, ಇಟ್ಟು ಮೂವರನ್ನು ಕೊಂದ. 1995ರಲ್ಲಿ ಅವನ ಉದ್ದನೆಯ ಬರಹ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಅವನ ತಮ್ಮನಿಗೆ ಆ ಮಾತಿನ ಧಾಟಿ ಗುರುತು ಸಿಕ್ಕಿತು. ಮನೆಯಲ್ಲಿದ್ದ ಅಣ್ಣನ ಹಳೆಯ ಪತ್ರಗಳನ್ನು ತೆಗೆದು, ಬರಹದ ಪಕ್ಕ ಇಟ್ಟು ನೋಡಿದರು. ಕೊನೆಗೆ ತಾವೇ ತನಿಖೆಯವರಿಗೆ ತಿಳಿಸಿದರು. 1996ರ ಏಪ್ರಿಲ್‌ನಲ್ಲಿ ಮೊಂಟಾನಾದ ಕಾಡಿನ ಗುಡಿಸಲಿನಲ್ಲಿ ಅಣ್ಣ ಸಿಕ್ಕಿಬಿದ್ದ. ಅವನಿಗೆ ಮರಣದಂಡನೆ ಆಗಬಾರದು ಅಂತ ಓಡಾಡಿದ್ದೂ ಅದೇ ತಮ್ಮ. ಜೀವಾವಧಿ ಶಿಕ್ಷೆಯಾಯಿತು. ತಮ್ಮ ಜೈಲಿಗೆ ಪತ್ರ ಬರೆಯುತ್ತಲೇ ಇದ್ದರು. ಅಣ್ಣ ಉತ್ತರ ಬರೆಯಲಿಲ್ಲ.