ಉಚ್ಚೆ ಬ್ಯಾಗ್ ಕಾದ ಆ ದಿನಗಳು

ಮಗನಿಗೆ ಇಲ್ಲೇ ಪುಣೆಯಲ್ಲಿ ಹೈಪೊಸ್ಪೇಡಿಯಸ್ ಆಪರೇಷನ್ ಆಯ್ತು, ಅಂದ್ರೆ ಉಚ್ಚೆ ಬರೋ ತೂತು ತುದೀಲಿ ಇರದೆ ಕೆಳಗಡೆ ಇರತ್ತಲ್ಲ, ಅದನ್ನ ಸರಿ ಮಾಡೋದು. ವಯಸ್ಸು 4, ತೂಕ 15 ಕೆಜಿ. ಮೂರನೇ ದಿನ ಕ್ಯಾಥೆಟರ್, ಅಂದ್ರೆ ಉಚ್ಚೆನ ಬ್ಯಾಗಿಗೆ ಇಳಿಸೋ ಟ್ಯೂಬು, ಅದರ ಸಮೇತ ಮನೆಗೆ ಕಳಿಸಿದ್ರು, 8 ಫ್ರೆಂಚ್ ಸೈಜು. 3 ಫ್ರೆಂಚ್ ಅಂದ್ರೆ 1 ಮಿಲಿಮೀಟರ್, ಹಂಗಾಗಿ ಹೊರಗಿನ ದಪ್ಪವೇ 3 ಮಿಮೀ ಇಲ್ಲ, ಒಳಗಿನ ದಾರಿ ಇನ್ನೂ ಸಣ್ಣದು, ಒಂದು ಚೂರು ಹೆಪ್ಪುಗಟ್ಟಿದ ರಕ್ತ ಬಂದ್ರೆ ಕಟ್ಕೊಂಡು ಬಿಡತ್ತೆ.

ಅವತ್ತು ರಾತ್ರೀನೇ "ಅಮ್ಮಾ ಸೂಸೂ ಬರ್ತಿದೆ" ಅಂತ ಕಾಲು ಒದರಿ ಅಳೋಕೆ ಶುರು ಮಾಡ್ದ. ನಾನು ಗಾಯದ ನೋವು ಅನ್ಕೊಂಡು ಪ್ಯಾರಾಸಿಟಮಾಲ್ ಕೊಟ್ಟು ತಟ್ತಾ ಕೂತಿದ್ದೆ. ನಮ್ಮತ್ತೆ ವಿಜಯಪುರದವ್ರು, ಎದ್ದು ಬಂದು "ಚೀಲಾ ನೋಡಿಯೇನವಾ, ಆಗಿಂದ ಅಷ್ಟ ಐತಿ" ಅಂದ್ರು. ಹೊದಿಕೆ ತೆಗೆದ್ರೆ ಟ್ಯೂಬು ತೊಡೆ ಕೆಳಗೆ ಸಿಕ್ಕಿ ಮಡಚ್ಕೊಂಡಿತ್ತು. ಬಿಡಿಸಿದ್ದೇ ತಡ ಮೊದ್ಲು ಒಂದು ಕೆಂಪು ಎಳೆ ಇಳೀತು, ಹಿಂದೆನೇ ಹಳದಿ ಉಚ್ಚೆ ಸರ್ರಂತ ಬಂತು, ಮಗು ಹಂಗೇ ಕಣ್ಣು ಮುಚ್ತು.

ಬೆಳಿಗ್ಗೆ ಫೋನ್ ಮಾಡಿದಾಗ ವಾರ್ಡಿನ ಸಿಸ್ಟರ್ ಎಲ್ಲಾ ಬಿಡಿಸಿ ಹೇಳಿದ್ರು, ಡಿಸ್ಚಾರ್ಜ್ ಪೇಪರಲ್ಲಿ ಇದರಲ್ಲಿ ಒಂದೂ ಇರ್ಲಿಲ್ಲ, ಇರ್ಬೇಕಿತ್ತು ಅಂತ ನಂಗೆ ಈಗ್ಲೂ ಸಿಟ್ಟಿದೆ. ಮಕ್ಕಳಿಗೆ ಗಂಟೆಗೆ ಕೆಜಿಗೆ ಸುಮಾರು 1 ಎಂಎಲ್ ಉಚ್ಚೆ ಬರ್ಬೇಕು, ಇವನಿಗೆ ಗಂಟೆಗೆ 15. ಕ್ಯಾಲೆಂಡರ್ ಹಿಂದೆ ಬರೀತಾ ಹೋದೆ. ಬ್ಯಾಗು ಯಾವಾಗ್ಲೂ ಹೊಟ್ಟೆಗಿಂತ ಕೆಳಗೆ, ಆದ್ರೆ ನೆಲಕ್ಕೆ ತಾಗ್ಬಾರ್ದು, ಟ್ಯೂಬಿಗೆ ತೊಡೆ ಮೇಲೆ ಟೇಪು ಹಾಕುವಾಗ ಸ್ವಲ್ಪ ಸಡಿಲ ಬಿಡ್ಬೇಕು, ನೀರು ಕುಡಿಸ್ತಾ ಇರ್ಬೇಕು.

ನಂಗೆ ಹೊಳೆದೇ ಇರದ ವಿಷಯ ಅಂದ್ರೆ ಮಲಬದ್ಧತೆ. ಹೊಟ್ಟೆಯೊಳಗಿನ ಉಚ್ಚೆಚೀಲ ಹಿಂಡಿದಂಗೆ ನೋವು ಬರತ್ತಲ್ಲ, ಅದಕ್ಕೆ ಆಕ್ಸಿಬ್ಯುಟಿನಿನ್ ಸಿರಪ್ ಕೊಟ್ಟಿದ್ರು, ಆ ಸಿರಪ್ಪಿಂದಾನೇ ಕಕ್ಕಸು ಗಟ್ಟಿಯಾಗತ್ತೆ, ಗಟ್ಟಿಯಾದ್ದು ಒಳಗಿಂದ ಒತ್ತಿ ಉಚ್ಚೆ ಸರಿಯಾಗಿ ಇಳಿಯಲ್ಲ, ಮಗು ತಿಣುಕಿದ್ರೆ ಟ್ಯೂಬಿನ ಪಕ್ಕದಿಂದ ಸೋರತ್ತೆ. ಡಾಕ್ಟರನ್ನ ಕೇಳಿ ಕಕ್ಕಸು ಮೆತ್ತಗೆ ಮಾಡೋ ಲ್ಯಾಕ್ಟುಲೋಸ್ ಶುರು ಮಾಡಿದ್ವಿ, ಮಧ್ಯಾಹ್ನ ಪಪ್ಪಾಯ ಕೊಡ್ತಿದ್ದೆ.

ಟ್ಯೂಬು ಕಟ್ಕೊಂಡ್ರೆ ಸಿರಿಂಜಲ್ಲಿ ನೀರು ಹಾಕಿ ತಳ್ಳಿಬಿಡಿ ಅಂತ ಪಕ್ಕದ ಫ್ಲಾಟಿನವ್ರು ಹೇಳಿದ್ರು, ದಯವಿಟ್ಟು ಮಾಡ್ಬೇಡಿ. ಹೊಲಿಗೆ ಹಸಿ ಇರತ್ತೆ. ಫ್ಲಶ್ ಮಾಡೋದಿದ್ರೆ ಸ್ಟೆರೈಲ್ ಸಲೈನಲ್ಲೇ (ಕ್ರಿಮಿ ಇಲ್ಲದ ಉಪ್ಪುನೀರು), ಅದೂ ಸರ್ಜನ್ ಕೈಹಿಡಿದು ಕಲಿಸಿದ್ರೆ ಮಾತ್ರ. ಟ್ಯೂಬಿನ ಮಡಿಕೆ ಬಿಡಿಸಿದ್ರೂ ಎರಡು ಗಂಟೆ ಏನೂ ಇಳೀಲಿಲ್ಲ ಅಂದ್ರೆ, ಇಲ್ಲಾ ಹೊಟ್ಟೆ ಬಿಗಿಯಾಗಿ ಮಗು ಒದ್ದಾಡ್ತಿದ್ರೆ, ಅಷ್ಟು ಹೊತ್ತೂ ಕಾಯದೆ ರಿಕ್ಷಾ ಹತ್ತಿ, ದಾರೀಲೇ ಫೋನ್ ಮಾಡಿ.