ಇಳಿತದ ಹೊತ್ತಿನ ಚಿತ್ರ

ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ಕಟ್ಟಿದ್ದ ನಮ್ಮ ಏಳು ಮಂದಿಯನ್ನು ಚಿತ್ರಕಲೆಯ ಮಾಸ್ಟ್ರು ಶನಿವಾರ ಸಂಜೆ ಕಾಪು ಕಡಲ ತೀರಕ್ಕೆ ಕರೆದೊಯ್ಯುತ್ತಿದ್ದರು. 1901ರ ದೀಪಸ್ತಂಭ ನಿಂತಿರುವ ಬಂಡೆಯ ಬುಡದಲ್ಲಿ ಕೂರಿಸಿ, "ಅರ್ಧ ಗಂಟೆ ಯಾರೂ ಬ್ರಶ್ ಮುಟ್ಟಬಾರದು, ಬರೀ ನೋಡಿ" ಅನ್ನುತ್ತಿದ್ದರು. ನನಗೋ ಆಶ್ಚರ್ಯ. ಮನೆಯ ಹಿಂದೆಯೇ ಕಡಲು, ಅಪ್ಪ ಕೈರಂಪಣಿ ಬಲೆ ಎಳೆಯುವವರು. ಇನ್ನು ನೋಡುವುದಕ್ಕೇನಿದೆ?

ಮೊದಲ ದಿನ ಹಾಳೆ ತುಂಬ ನೀಲಿ ಬಳಿದೆ. ಮಾಸ್ಟ್ರು ಬೈಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ತೆರೆ ಮುರಿಯುವ ಮೊದಲು ಅದರ ಹೊಟ್ಟೆ ನೋಡು" ಅಂದರು. ಸೂರ್ಯ ಕಡಲಿನತ್ತ ಇಳಿದಿದ್ದ. ತೆರೆ ಎದ್ದು ತೆಳುವಾದ ಆ ಗಳಿಗೆಯಲ್ಲಿ ಹಿಂದಿನಿಂದ ಬೆಳಕು ಹಾಯ್ದು, ಎಳೆ ಬಾಳೆಸುಳಿಯ ಹಸಿರು! ಮರುಕ್ಷಣ ಎಲ್ಲ ನೊರೆ. ಮಾರನೆಯ ಬೆಳಿಗ್ಗೆ ಒಬ್ಬನೇ ಓಡಿಹೋಗಿ ನೋಡಿದೆ. ಸೂರ್ಯ ಬೆನ್ನ ಹಿಂದಿದ್ದ, ಆ ಹಸಿರು ಇರಲಿಲ್ಲ. ಹುಟ್ಟಿದಾಗಿನಿಂದ ಕಂಡ ಕಡಲು ಅಂದು ಹೊಸದಾಗಿ ಕಂಡಿತು.

ನೊರೆಗೆ ಬಿಳಿ ಬಣ್ಣ ಹಚ್ಚಲು ಮಾಸ್ಟ್ರು ಬಿಡುತ್ತಿರಲಿಲ್ಲ. ಜಲವರ್ಣದಲ್ಲಿ ಹಾಳೆಯ ಬಿಳುಪನ್ನೇ ಉಳಿಸಿಕೊಳ್ಳಬೇಕು. ಹಾಗೆ ಉಳಿಸಬೇಕಾದರೆ ನೊರೆ ಎಲ್ಲಿ ಹರಡುತ್ತದೆ, ಎಲ್ಲಿ ಹರಿದು ತೂತಾಗುತ್ತದೆ ಅಂತ ಮೊದಲೇ ಗೊತ್ತಿರಬೇಕು. ಅದಕ್ಕೇ ಆ ಅರ್ಧ ಗಂಟೆ. ಮಳೆಗಾಲದಲ್ಲಿ ಹೊಳೆಗಳು ಕೆಂಪು ಮಣ್ಣು ತಂದು ಸುರಿದಾಗ ನೀಲಿ ಟ್ಯೂಬ್ ತೆರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಒಮ್ಮೆ ನಮ್ಮನ್ನು ದೀಪಸ್ತಂಭದ ಮೇಲೆ ಹತ್ತಿಸಿದರು. ನಾವು ಮೇಲೇರಿದ ಹಾಗೆ ದಿಗಂತವೂ ಏರಿ ಕಣ್ಣಿನ ಮಟ್ಟಕ್ಕೇ ನಿಂತಿತು. ದಿಗಂತದ ಗೆರೆ ಎಲ್ಲಿ ಎಳೆಯಬೇಕೆಂಬ ಗೊಂದಲ ನನಗೆ ಮತ್ತೆ ಬರಲಿಲ್ಲ.

ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ಹೆಸರೆತ್ತುವಾಗ ಮಾಸ್ಟ್ರ ಸ್ವರ ಮೆತ್ತಗಾಗುತ್ತಿತ್ತು. "ನಮ್ಮ ಬದಿಯವರೇ" ಅನ್ನುತ್ತಿದ್ದರು, ನಾವೂ ಆಗಬಹುದು ಎಂಬಂತೆ.

ವರ್ಷದ ಕೊನೆಗೆ ಒಂದು ಚಿತ್ರ ಮನೆಗೆ ಒಯ್ದೆ. ಅಪ್ಪ ಚಿತ್ರ ನೋಡುವವರಲ್ಲ. ಬಲೆಯ ಹರಕು ಹೊಲಿಯುತ್ತಾ ಕೂತಿದ್ದವರು ಕೈ ಒರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ನೀರಿನ ಅಂಚಿನಿಂದ ಮೇಲಕ್ಕೆ ನಾನು ಬಿಡಿಸಿದ್ದ ಒದ್ದೆ ಮರಳಿನ ಅಗಲ ಕಪ್ಪು ಪಟ್ಟಿಯ ಮೇಲೆ ಅವರ ಹೆಬ್ಬೆರಳು ನಿಂತಿತು.

"ಇಳಿತದಲ್ಲಿ ಕೂತು ಬಿಡಿಸಿದ್ದಾ?" ತುಳುವಿನಲ್ಲಿ ಕೇಳಿದರು.

ಇಳಿತವೋ ಭರತವೋ ನಾನು ಯೋಚಿಸಿರಲಿಲ್ಲ, ಕಂಡದ್ದನ್ನು ಬಿಡಿಸಿದ್ದೆ, ಅಷ್ಟೆ. ಹೌದೆಂದೆ. ಅಪ್ಪ ತಲೆಯಾಡಿಸಿ, ಚಿತ್ರವನ್ನು ಬಲೆಯಿಂದ ದೂರ, ಒಣಗಿದ ಜಾಗದಲ್ಲಿಟ್ಟರು.